ವಾಡೆ, ಹುಡೇವು, ಕ್ರಯಪತ್ರ: ಗ್ರಾಮದ ಐತಿಹಾಸಿಕ ಗೃಹಗಳು ಕೈಬದಲಾಗುವಾಗ ವಿಚಾರಿಸತಕ್ಕ ಸಂಗತಿಗಳು

೧

ಕಾವೇರೀ ನದಿಯು ಎರಡು ಕವಲಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಜಲಪಾತಗಳಾಗಿ ಧುಮುಕುವ ಮುನ್ನ ನಡುವೆ ಬಿಟ್ಟಿರುವ ದ್ವೀಪವೇ ಶಿವನಸಮುದ್ರ. ಇದರ ಎಡದಂಡೆಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದೆ. ದ್ವೀಪವಾದರೋ ಕೊಳ್ಳೇಗಾಲ ತಾಲ್ಲೂಕಿನದು. ೧೯೫೬ರ ವರೆಗೆ ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಉಮ್ಮತ್ತೂರಿನ ಗಂಗರಾಜನ ಕೋಟೆಯು ಇಲ್ಲಿಯೇ ಇದ್ದಿತೆಂಬುದೂ, ಹದಿನಾರನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ತನ್ನ ಆಳ್ವಿಕೆಯ ಮೊದಲ ದಂಡಯಾತ್ರೆಗಳಲ್ಲಿಯೇ ಅದನ್ನು ಹಿಡಿದನೆಂಬುದೂ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಂದು ಇಲ್ಲಿ ಒಂದು ಪಟ್ಟಣವಿದ್ದಿತು. ಪಟ್ಟಣವಿದ್ದ ಮೇಲೆ ಮನೆಗಳೂ ಇದ್ದಿರಲೇಬೇಕು. ಆದರೆ ಇಂದು ಆ ಕಾಲವನ್ನು ನೆನಪಿಸಲು ಉಳಿದಿರುವುವು ರಂಗನಾಥ, ಸೋಮೇಶ್ವರ ಮೊದಲಾದ ದೇವಾಲಯಗಳು ಮಾತ್ರ. ಮನೆಯೊಂದೂ ಉಳಿದಿಲ್ಲ.

ದೇವಾಲಯಗಳು ಉಳಿದು ಮನೆಗಳು ಅಳಿದುದು ಕೇವಲ ಕಲ್ಲು ಮಣ್ಣುಗಳ ಭೇದದಿಂದಲ್ಲ. ದೇವಾಲಯಕ್ಕೆ ಅರ್ಚಕರೂ ಭಕ್ತರೂ ಉಂಬಳಿಯೂ ಇದ್ದುವು. ಮಳೆಯಿಂದ ಗೋಡೆ ಸಡಿಲಿದರೆ ಅದನ್ನು ವಿಚಾರಿಸುವವರಿದ್ದರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಈ ದ್ವೀಪದ ಹಳೆಯ ಸೇತುವೆಗಳನ್ನು ಜೀರ್ಣೋದ್ಧಾರ ಮಾಡಿದುದೂ ಇದೇ ತತ್ತ್ವಕ್ಕೆ ನಿದರ್ಶನ. ಆ ಕಾರ್ಯಕ್ಕಾಗಿ ಅವರಿಗೆ ಗ್ರಾಮಗಳು ಜಹಗೀರಾಗಿ ದೊರೆತುವು; ಸೇತುವೆಗಳಿಗೆ ವೆಲ್ಲೆಸ್ಲಿ, ಲಷಿಂಗ್ಟನ್ ಎಂಬ ಹೆಸರುಗಳಾದುವು. ಹೀಗೆ ಕಟ್ಟಡದ ಹಿಂದೆ ಒಂದು ಉತ್ಪನ್ನವೂ ಒಂದು ಹೊಣೆಯೂ ನಿಂತಿದ್ದುವು. ಜಹಗೀರಿನ ಕಾಲವು ಮುಗಿದ ಬಹುಕಾಲದ ಮೇಲೆ, ೨೦೧೮ರ ಪ್ರವಾಹದಲ್ಲಿ, ವೆಲ್ಲೆಸ್ಲಿ ಸೇತುವೆಯ ಒಂದು ಭಾಗವು ಕೊಚ್ಚಿಹೋಯಿತು.

ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯವು ಇದಕ್ಕೆ ಹತ್ತಿರದ್ದು. ಕನ್ನಡನಾಡಿನ, ಮುಖ್ಯವಾಗಿ ಉತ್ತರ ಭಾಗದ, ಹಳ್ಳಿಗಳಲ್ಲಿ ಕಾವಲು ಹುಡೇವುಗಳೊಡನೆ ಕೂಡಿದ ಹಳೆಯ ವಾಡೆಗಳು ಇನ್ನೂ ನಿಂತಿವೆ. ಇವು ದೇವಾಲಯಗಳಲ್ಲ, ಸರಕಾರದ ಕಟ್ಟಡಗಳೂ ಅಲ್ಲ. ಜನರು ಬಾಳಿದ ಮನೆಗಳು. ಮನೆಯಾದುದರಿಂದ ಇವು ಪಾಲಾಗುತ್ತವೆ, ಅಡವಾಗುತ್ತವೆ, ಕ್ರಯಕ್ಕೂ ಬರುತ್ತವೆ. ಅಂತಹ ಮನೆಯು ಮಾರಾಟವಾಗುವಾಗ ನಿಜವಾಗಿ ಕೈಬದಲಾಗುವುದು ಏನು, ಕೈತಪ್ಪುವುದು ಏನು ಎಂಬುದೇ ಇಲ್ಲಿನ ಪ್ರಶ್ನೆ.

೨

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗೋಪುರವೆಂದೊಡನೆ ಕನ್ನಡಿಗರ ಮನಸ್ಸಿಗೆ ದೇವಾಲಯದ ಹೆಬ್ಬಾಗಿಲು ಬರುತ್ತದೆ. ಕಾವಲಿಗಾಗಿ ಕಟ್ಟಿದ ದುಂಡನೆಯ ಕಟ್ಟಡಕ್ಕೆ ಹಳೆಯ ಮೈಸೂರಿನ ಕಡೆ ಕೊತ್ತಲವೆಂದೂ, ಧಾರವಾಡ, ಬಳ್ಳಾರಿ, ರಾಯಚೂರುಗಳ ಕಡೆ ಹುಡೇವೆಂದೂ, ವಿಜಯಪುರ, ಕಲಬುರಗಿಗಳ ಕಡೆ ಬುರುಜೆಂದೂ ಹೆಸರು. ವಾಡೆಯೆಂದರೆ ದೇಸಾಯಿ, ದೇಶಪಾಂಡೆ, ನಾಡಗೌಡ ಮೊದಲಾದ ಮನೆತನಗಳ ದೊಡ್ಡ ಮನೆ. ಎತ್ತರವಾದ ಸುತ್ತುಗೋಡೆ, ದಿಡ್ಡಿಯುಳ್ಳ ಹೆಬ್ಬಾಗಿಲು, ಕಚೇರಿ ನಡೆಯುತ್ತಿದ್ದ ಪಡಸಾಲೆ, ಒಳಗೆ ನಡುಮನೆ ಮತ್ತು ದೇವರಮನೆ, ನೆಲದಡಿಯಲ್ಲಿ ಕಾಳು ತುಂಬುವ ಹಗೇವು, ಕೆತ್ತನೆಯ ಬೋದಿಗೆಗಳ ಮೇಲೆ ನಿಂತ ತೊಲೆಗಳು, ಅದರ ಮೇಲೆ ಮಣ್ಣಿನ ಮಾಳಿಗೆ: ಇವು ವಾಡೆಯ ಸಾಮಾನ್ಯ ಅಂಗಗಳು. ಹುಡೇವು ಕೆಲವೆಡೆ ಸುತ್ತುಗೋಡೆಯ ಮೂಲೆಗೆ ಸೇರಿರುವುದು. ಕೆಲವೆಡೆ ಊರ ನಡುವೆ ಒಂಟಿಯಾಗಿ ನಿಂತಿರುವುದು.

ಒಂಟಿ ಬುರುಜಿಗೆ ಪ್ರಸಿದ್ಧವಾದ ಉದಾಹರಣೆಯು ವಿಜಯಪುರ ನಗರದ ಉಪ್ಲಿ ಬುರುಜು. ೧೫೮೪ರಲ್ಲಿ ಹೈದರ್ ಖಾನನು ಕಟ್ಟಿಸಿದ ಈ ಬುರುಜು ಸುಮಾರು ೮೦ ಅಡಿ ಎತ್ತರವಾಗಿದೆ, ಮೆಟ್ಟಿಲುಗಳು ಹೊರಮೈಯನ್ನು ಸುತ್ತುವರಿದು ಏರುತ್ತವೆ, ತುದಿಯಲ್ಲಿ ತೋಪುಗಳಿವೆ. ಹಳ್ಳಿಯ ಹುಡೇವುಗಳು ಇಷ್ಟು ಭವ್ಯವಲ್ಲ. ಹೊರಗೆ ಕಲ್ಲಿನ ಹೊದಿಕೆ, ಒಳಗೆ ಮಣ್ಣು ಮತ್ತು ಪುಡಿಗಲ್ಲಿನ ತುಂಬು, ಮೇಲೇರಿದಂತೆ ಕಿರಿದಾಗುವ ಮೈ, ತುದಿಯಲ್ಲಿ ಬಂದೂಕದ ಕಿಂಡಿಗಳು: ಇದೇ ಅವುಗಳ ಸಾಮಾನ್ಯ ರೂಪ.

ಇವುಗಳ ಕಾಲನಿರ್ಣಯವು ಸುಲಭವಲ್ಲ. ಊರಿನವರು ವಿಜಯನಗರದ ಕಾಲವೆಂದೋ ಆದಿಲಶಾಹಿಯ ಕಾಲವೆಂದೋ ಹೇಳುವರು. ಮಾರುವವರೂ ಹಾಗೆಯೇ ಹೇಳುವರು, ಏಕೆಂದರೆ ಮಧ್ಯಯುಗದ್ದೆಂದರೆ ಬೆಲೆ ಹೆಚ್ಚು. ಚರಿತ್ರಕಾರನು ಇದನ್ನು ಹಾಗೆಯೇ ಒಪ್ಪಲಾಗದು, ತಳ್ಳಿಹಾಕಲೂ ಆಗದು. ಫಿರಂಗಿಗಳು ೧೫೨೦ರ ರಾಯಚೂರು ಯುದ್ಧದ ವೇಳೆಗೆ ದಖನ್ನಿನಲ್ಲಿ ಬಳಕೆಗೆ ಬಂದಿದ್ದುವು. ಅಲ್ಲಿಂದ ಮುಂದೆ ದುಂಡನೆಯ, ದಪ್ಪಮೈಯ ಕೊತ್ತಲಗಳು ಹೆಚ್ಚಿದುವು. ಆದುದರಿಂದ ಬಂದೂಕದ ಕಿಂಡಿಗಳು ಗೋಡೆಯೊಡನೆಯೇ ಕಟ್ಟಿದುವಾಗಿದ್ದರೆ ಹುಡೇವು ಆ ಕಾಲದ ಈಚಿನದು. ಕಿಂಡಿಗಳು ಗೋಡೆಯನ್ನು ಒಡೆದು ಆಮೇಲೆ ಮಾಡಿದುವಾಗಿದ್ದರೆ ಗೋಡೆಯು ಅದಕ್ಕಿಂತ ಹಳೆಯದಿರಬಹುದು. ಇಂತಹ ಸೂಕ್ಷ್ಮಗಳು ಗಾರೆ ಬಳಿದ ಒಂದು ದಿನದಲ್ಲಿ ಅಳಿಸಿಹೋಗುತ್ತವೆ. ಹೊಸ ಒಡೆಯನು ಮಾಡುವ ಮೊದಲ ಕೆಲಸವೇ ಸಾಮಾನ್ಯವಾಗಿ ಗಾರೆ ಬಳಿಯುವುದು.

೩

ಹಳ್ಳಿಯ ಒಂದು ಮನೆಗೆ ಹುಡೇವು ಏಕೆ ಬೇಕಾಯಿತು? ದೇಸಾಯಿಯು ಬರಿಯ ಶ್ರೀಮಂತನಲ್ಲ, ಒಬ್ಬ ಅಧಿಕಾರಿ. ಆದಿಲಶಾಹಿ, ಮರಾಠ, ಪೇಶವೆ ಆಳ್ವಿಕೆಗಳಲ್ಲಿ ಪರಗಣದ ಕಂದಾಯವನ್ನು ಎತ್ತಿ ಒಪ್ಪಿಸುವುದೂ, ಅದನ್ನು ಕಾಪಾಡುವುದೂ ಅವನ ಹೊಣೆ. ವಸೂಲಾದ ಹಣ ಮತ್ತು ಧಾನ್ಯಗಳು ವಾಡೆಯಲ್ಲಿಯೇ ಇರುತ್ತಿದ್ದುವು. ದಂಡು ಬಂದಾಗ, ಪಿಂಡಾರಿಗಳು ಬಂದಾಗ, ಊರಿನ ಹೆಂಗಸರು ಮಕ್ಕಳು ಅಗಸೆ ಮುಚ್ಚಿ ಒಳಸೇರುತ್ತಿದ್ದರು. ತಳವಾರನು ಹುಡೇವನ್ನೇರಿ ಕಾಯುತ್ತಿದ್ದನು. ದಕ್ಷಿಣದಲ್ಲಿಯೂ ಸ್ಥಿತಿಯು ಬಹಳ ಬೇರೆಯಾಗಿರಲಿಲ್ಲ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಮಣ್ಣಿನ ಕೋಟೆಯುಳ್ಳ ಗ್ರಾಮಗಳನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾನೆ. ಅದರ ಹಿಂದಿನ ವರ್ಷ, ೧೭೯೯ರ ಮಾರ್ಚಿಯಲ್ಲಿ, ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗವಾಗಿತ್ತು. ಆದರೆ ಈ ಭಾಗದಲ್ಲಿ ಕೊತ್ತಲವು ಹೆಚ್ಚಾಗಿ ಊರ ಕೋಟೆಯ ಅಂಗ; ಉತ್ತರದಲ್ಲಿ ಅದು ವಾಡೆಯ ಅಂಗವಾಗಿಯೂ ಉಳಿಯಿತು.

ಈ ಭೇದವು ಕ್ರಯದ ಕಾಲದಲ್ಲಿ ಮುಖ್ಯವಾಗುತ್ತದೆ. ಊರ ಕೋಟೆಗೆ ಸೇರಿದ ಹುಡೇವು ಮನೆಯ ಹಿತ್ತಲಿನಲ್ಲಿ ನಿಂತಿದ್ದ ಮಾತ್ರಕ್ಕೆ ಮನೆಯವರ ಸ್ವತ್ತಾಗದು. ಕ್ರಯಪತ್ರದ ಚಕ್ಕುಬಂದಿಯಲ್ಲಿ ಹುಡೇವು ಮೇರೆಯ ಒಳಗಿದೆಯೋ, ಅಥವಾ ಅದನ್ನೇ ಮೇರೆಯಾಗಿ ಹೇಳಿದೆಯೋ ಎಂದು ನೋಡಬೇಕು. ‘ಪೂರ್ವಕ್ಕೆ ಹುಡೇವು’ ಎಂದು ಬರೆದಿದ್ದರೆ ಅದು ಹೊರಗಿನದೆಂದೇ ಅರ್ಥ. ಹಳೆಯ ಪಾಲುಪಟ್ಟಿ, ಸನದು ಮತ್ತು ಸರ್ವೆ ನಕ್ಷೆಗಳನ್ನು ಹೋಲಿಸದೆ ಇದನ್ನು ನಿರ್ಣಯಿಸಲಾಗದು.

೧೮೧೭-೧೮ರ ಯುದ್ಧಗಳಿಂದ ಪಿಂಡಾರಿಗಳ ಹಾವಳಿಯು ಅಡಗಿ, ಪೇಶವೆಯ ಆಳ್ವಿಕೆಯು ಕೊನೆಗೊಂಡಿತು. ಹುಡೇವಿಗೆ ಕೆಲಸವಿಲ್ಲದಾಯಿತು, ಆದರೆ ವತನವು ಮುಂದುವರಿದುದರಿಂದ ವಾಡೆಯು ಉಳಿಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿಸಬೇಕು, ಗೋಡೆಗೆ ಮೆತ್ತಿಸಬೇಕು. ಇದು ಒಂದು ಸಂಸಾರದ ಕೈಯಿಂದ ಆಗುವ ಕೆಲಸವಲ್ಲ. ವತನದ ಭೂಮಿ, ವತನದ ಆಳುಗಳು ಇದ್ದುದರಿಂದ ಆಗುತ್ತಿತ್ತು. ಆ ದುಡಿಮೆಯಲ್ಲಿ ಬಿಟ್ಟಿಯೂ ಇದ್ದಿತೆಂಬುದನ್ನು ಮರೆಯಬಾರದು. ವಾಡೆಯ ಚೆಲುವನ್ನು ಹೊಗಳುವವನು ಅದರ ಮಾಳಿಗೆಗೆ ಮಣ್ಣು ಹೊತ್ತವರನ್ನೂ ಎಣಿಸಬೇಕು.

ಹೈದರಾಬಾದ್ ಸಂಸ್ಥಾನದಲ್ಲಿ ೧೯೪೯ರಲ್ಲಿ ಜಹಗೀರುಗಳು ರದ್ದಾದುವು. ಮುಂಬಯಿ ಪ್ರಾಂತದಲ್ಲಿ ೧೯೫೦ರ ಪರಗಣ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಶಾಸನವು ದೇಸಾಯಿ, ದೇಶಪಾಂಡೆಗಳ ವತನಗಳನ್ನು ಕೊನೆಗಾಣಿಸಿತು. ೧೯೬೧ರಲ್ಲಿ ಮೈಸೂರು ರಾಜ್ಯದ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವೂ, ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿಯೂ ಬಂದುವು. ಉಳುವವನಿಗೆ ಭೂಮಿಯು ದೊರೆತುದು ನ್ಯಾಯವೇ. ಆದರೆ ಈ ಶಾಸನಗಳು ಅಧಿಕಾರವನ್ನೂ ಉತ್ಪನ್ನವನ್ನೂ ತೆಗೆದುವೇ ಹೊರತು, ಅವುಗಳ ಆಧಾರದ ಮೇಲೆ ನಿಂತಿದ್ದ ಕಟ್ಟಡಕ್ಕೆ ಬೇರೆ ಆಧಾರವನ್ನು ಕಲ್ಪಿಸಲಿಲ್ಲ. ಕಚೇರಿಯಾಗಿದ್ದುದು ಬರಿಯ ಮನೆಯಾಯಿತು. ಮನೆಯು ಮಕ್ಕಳ ಸಂಖ್ಯೆಗೆ ತಕ್ಕಂತೆ ಪಾಲಾಯಿತು. ಪಾಲುದಾರರು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳನ್ನು ಸೇರಿದರು. ಕೊನೆಗೆ ಕ್ರಯವೇ ದಾರಿಯಾಯಿತು.

೪

ಇನ್ನು ಶಾಸನದ ಮಾತು. ಹಿಂದೂ ಉತ್ತರಾಧಿಕಾರ ಶಾಸನದ (೧೯೫೬) ೨೨ನೆಯ ಪ್ರಕರಣದಂತೆ, ಕೂಡಿ ಪಡೆದ ಸ್ಥಿರಾಸ್ತಿಯಲ್ಲಿ ಒಬ್ಬ ವಾರಸುದಾರನು ತನ್ನ ಹಕ್ಕನ್ನು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಕೊಳ್ಳುವ ಆದ್ಯ ಹಕ್ಕಿದೆ. ಇದು ಮನೆತನದ ಹಿತಕ್ಕಾಗಿ. ಕಟ್ಟಡದ ಹಿತಕ್ಕಾಗಿ ಅಲ್ಲ.

ಕಟ್ಟಡದ ಹಿತಕ್ಕಾಗಿ ಇರುವುದು ಪ್ರಾಚೀನ ಸ್ಮಾರಕಗಳ ಶಾಸನ. ಕೇಂದ್ರದ್ದು ೧೯೫೮ರದು, ರಾಜ್ಯದ್ದು ೧೯೬೧ರದು. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಟ್ಟಡವು ಸ್ಮಾರಕವಾಗಬಹುದು. ಸಂರಕ್ಷಿತವೆಂದು ಘೋಷಿತವಾದೊಡನೆ ಒಡೆತನವು ಸರಕಾರಕ್ಕೆ ಹೋಗುವುದೆಂಬ ಭಯವು ಹಳ್ಳಿಗಳಲ್ಲಿದೆ, ಇದು ಸರಿಯಲ್ಲ. ಸ್ಮಾರಕವು ಖಾಸಗಿ ಒಡೆತನದಲ್ಲಿಯೇ ಇರಬಹುದು. ಕೇಂದ್ರ ಶಾಸನದ ೬ನೆಯ ಪ್ರಕರಣದಂತೆ ಒಡೆಯನೂ ಸರಕಾರವೂ ಒಂದು ಒಪ್ಪಂದವನ್ನು ಮಾಡಿಕೊಳ್ಳಬಹುದು. ಸ್ಮಾರಕವನ್ನು ಯಾರು ನೋಡಿಕೊಳ್ಳಬೇಕು, ಜನರಿಗೆ ಪ್ರವೇಶವೆಷ್ಟು, ನೆಲವನ್ನು ಮಾರಲು ಹೊರಟಾಗ ಸರಕಾರಕ್ಕೆ ಮುಂಚೆ ತಿಳಿಸಬೇಕೆ, ಮಾರುಕಟ್ಟೆಯ ಬೆಲೆಗೆ ಕೊಳ್ಳುವ ಹಕ್ಕನ್ನು ಸರಕಾರಕ್ಕೆ ಕಾದಿರಿಸಬೇಕೆ ಎಂಬುವೆಲ್ಲವೂ ಆ ಒಪ್ಪಂದದಲ್ಲಿ ಸೇರಬಹುದು. ಆದರೆ ಇದೆಲ್ಲ ಸಂರಕ್ಷಿತವಾದವಕ್ಕೆ ಮಾತ್ರ. ಘೋಷಣೆಯಾಗದ ವಾಡೆಗೆ ಇದರಿಂದ ಪ್ರಯೋಜನವಿಲ್ಲ.

ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಶಾಸನವು (೧೯೭೨) ಕಟ್ಟಡದಿಂದ ಕಳಚಿದ, ನೂರು ವರ್ಷ ದಾಟಿದ ಯಾವುದೇ ವಸ್ತುವನ್ನು ಪುರಾತನ ವಸ್ತುವೆಂದು ಪರಿಗಣಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಂದರೆ ವಾಡೆಯ ಕೆತ್ತನೆಯ ಬಾಗಿಲು ಚೌಕಟ್ಟಿನಿಂದ ಕಿತ್ತ ಮೇಲೆ ಶಾಸನದ ಕಣ್ಣಿಗೆ ಬೀಳುತ್ತದೆ. ಕೀಳುವ ಮುನ್ನ, ವಾಡೆಯು ಇಡಿಯಾಗಿ ನಿಂತಿರುವಾಗ, ಈ ಶಾಸನವು ಅದನ್ನು ಕಾಣುವುದಿಲ್ಲ. ವ್ಯಾಪಾರಿಗಳು ವಾಡೆಯನ್ನು ಕೊಳ್ಳುವುದು ಬಹಳ ಸಲ ತೊಲೆ, ಬೋದಿಗೆ, ಬಾಗಿಲುಗಳಿಗಾಗಿಯೇ. ಹುಡೇವಿನಲ್ಲಿ ಮಾರತಕ್ಕ ಮರವಿಲ್ಲ. ಅದರ ಕಲ್ಲು ತಳಪಾಯಕ್ಕೆ ಹೋಗುತ್ತದೆ, ಮಣ್ಣು ಹೊಲಕ್ಕೆ ಹೋಗುತ್ತದೆ.

೫

ಅನ್ಯ ದೇಶಗಳ ಕ್ರಮವನ್ನು ಹೋಲಿಸಿ ನೋಡಬಹುದು. ಇಟಲಿಯ ಸಾನ್ ಜಿಮಿನ್ಯಾನೋ ಎಂಬ ಊರಿನಲ್ಲಿ ಮಧ್ಯಯುಗದ ಮನೆತನಗಳು ಕಟ್ಟಿದ ೭೨ ಗೋಪುರ-ಗೃಹಗಳಿದ್ದುವೆಂದು ಹೇಳುವರು, ಉಳಿದಿರುವುವು ೧೪. ಆ ದೇಶದಲ್ಲಿ ಸಾಂಸ್ಕೃತಿಕ ಮಹತ್ತ್ವವುಳ್ಳದೆಂದು ಘೋಷಿತವಾದ ಮನೆಯನ್ನು ಮಾರಿದರೆ ಸರಕಾರಕ್ಕೆ ತಿಳಿಸಬೇಕು; ತಿಳಿಸಿದ ೬೦ ದಿನಗಳೊಳಗೆ ಅದೇ ಬೆಲೆಗೆ ಕೊಳ್ಳುವ ಹಕ್ಕು ಸರಕಾರಕ್ಕಿದೆ. ಎಲ್ಲವನ್ನೂ ಸರಕಾರವು ಕೊಳ್ಳುವುದಿಲ್ಲ. ಆದರೆ ಯಾವ ಮನೆಯು ಯಾರ ಕೈಗೆ ಹೋಯಿತೆಂಬುದು ದಾಖಲೆಯಾಗುತ್ತದೆ.

ನಮ್ಮಲ್ಲಿಯೂ ಬೇರೆ ಬೇರೆ ಮಾರ್ಗಗಳು ಕಂಡುಬಂದಿವೆ. ಸಿರಸಂಗಿಯ ಲಿಂಗರಾಜ ದೇಸಾಯಿಯವರು (೧೮೬೧-೧೯೦೬) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟರು. ಅವರ ವಾಡೆಯು ಇಂದಿಗೂ ನಿಂತಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಳಿವಿನ ಅಂಚಿಗೆ ಬಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಈ ಮಾರ್ಗವು ಮರದ ಮನೆಗೆ ಒಪ್ಪುವುದು, ಹುಡೇವಿಗೆ ಒಪ್ಪುವುದಿಲ್ಲ. ತಾನು ಕಾಯುತ್ತಿದ್ದ ಊರು, ದಾರಿ, ಬಯಲುಗಳನ್ನು ಬಿಟ್ಟರೆ ಹುಡೇವಿಗೆ ಅರ್ಥವಿಲ್ಲ. ಕೊಡಗಿನ ಐನ್‌ಮನೆಗಳು ಒಕ್ಕದ ಎಲ್ಲರಿಗೂ ಸೇರಿದವಾದುದರಿಂದ ಒಬ್ಬನ ಇಚ್ಛೆಯಿಂದ ಮಾರಾಟವಾಗಲಾರವು. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಊರೂರು ತಿರುಗಿ ಅವನ್ನು ದಾಖಲಿಸಿದ್ದಾರೆ. ವಾಡೆಗಳಿಗೆ ಅಂತಹ ದಾಖಲೆಯು ಇಂದಿನ ಮೊದಲ ಅಗತ್ಯ.

ಈ ಕೆಲಸಕ್ಕೆ ಸರಕಾರವನ್ನೇ ಕಾಯಬೇಕಾಗಿಲ್ಲ. ಒಂದು ಕಾಲೇಜಿನ ಚರಿತ್ರೆಯ ವಿಭಾಗವು ತನ್ನ ತಾಲ್ಲೂಕಿನ ಮಟ್ಟಿಗೆ ಇದನ್ನು ಮಾಡಬಹುದು. ಮನೆಯವರ ಅನುಮತಿಯನ್ನು ಪಡೆದು ನೆಲದ ನಕ್ಷೆಯನ್ನು ಬರೆಯುವುದು. ಹುಡೇವಿನ ಸುತ್ತಳತೆ, ಎತ್ತರ, ಕಿಂಡಿಗಳ ಸಂಖ್ಯೆಯನ್ನು ಗುರುತಿಸುವುದು. ಗಾರೆ ಬಳಿಯುವ ಮುನ್ನ ಗೋಡೆಯ ಸಂದುಗಳ ಛಾಯಾಚಿತ್ರ ತೆಗೆಯುವುದು. ಚಕ್ಕುಬಂದಿಯನ್ನು ನಕಲು ಮಾಡುವುದು. ಮನೆಯ ಹಿರಿಯರಿಂದಲೂ, ಆ ಮನೆಗೆ ದುಡಿದವರ ಮಕ್ಕಳಿಂದಲೂ ಕೇಳಿ ಬರೆದುಕೊಳ್ಳುವುದು: ಇಷ್ಟು ಆದರೂ ಸಾಕು. ಎಲ್ಲಕ್ಕಿಂತ ತುರ್ತಾದುದು ಮನೆಯ ಕಾಗದಪತ್ರಗಳು. ಮೋಡಿ ಲಿಪಿಯ ಲೆಕ್ಕಗಳು, ಪಾರಸಿಯ ಸನದುಗಳು ಹೊಸ ಒಡೆಯನಿಗೆ ಬೇಡವಾದುವು, ಹಳೆಯ ಒಡೆಯನಿಗೆ ಓದಲು ಬಾರದವು. ಇಬ್ಬರ ನಡುವೆ ಅವು ರದ್ದಿಗೆ ಹೋಗುತ್ತವೆ. ಕ್ರಯವು ನೋಂದಣಿಯಾಗುವ ಮುನ್ನ ಅವನ್ನು ರಾಜ್ಯದ ಪತ್ರಾಗಾರಕ್ಕೋ ವಿಶ್ವವಿದ್ಯಾನಿಲಯಕ್ಕೋ ಸೇರಿಸಲು ಯತ್ನಿಸಬೇಕು.

ಮಾರುವವನನ್ನು ದೂಷಿಸಿ ಫಲವಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಲಗುವವನಿಗೆ ಪರಂಪರೆಯ ಉಪದೇಶವು ಹಿತವಾಗದು. ಕೊಳ್ಳುವವನು ಒಳ್ಳೆಯವನಾದರೆ ವಾಡೆಯು ಇನ್ನೊಂದು ಶತಮಾನ ಬಾಳಬಹುದು. ಎಷ್ಟೋ ಮನೆಗಳನ್ನು ಉಳಿಸಿರುವುದು ಕ್ರಯವೇ. ಶಿವನಸಮುದ್ರದ ಪಟ್ಟಣದಲ್ಲಿ ಯಾರ ಮನೆ ಎಲ್ಲಿತ್ತು, ಹೇಗಿತ್ತು ಎಂಬುದನ್ನು ಹೇಳಲು ನಮ್ಮಲ್ಲಿ ಒಂದು ಅಳತೆಯೂ ಇಲ್ಲ. ಇಂದು ನಿಂತಿರುವ ವಾಡೆಗಳ ವಿಷಯದಲ್ಲಿ ಮುಂದಿನವರು ಅದೇ ಮಾತನ್ನು ಆಡುವಂತಾಗಬಾರದು.