ಸೋಲಿನ ಎಣಿಕೆಯಾಚೆ ಉಳಿದ ಪ್ರಶ್ನೆಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 2024ರ ಋತುವಿನಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡವು 41 ಪಂದ್ಯಗಳನ್ನು ಗೆದ್ದು 121ರಲ್ಲಿ ಸೋತು, 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹೆಸರಿಗೆ ಅಂಟಿಕೊಂಡಿದ್ದ 120 ಸೋಲುಗಳ ಆಧುನಿಕ ದಾಖಲೆಯನ್ನು ತನ್ನದಾಗಿಸಿಕೊಂಡಿತು. ಅದರ ಅಭಿಮಾನಿಗಳಿಗೆ ಮಾಧ್ಯಮಗಳ ಮೇಲೆ ಬಂದ ಸಿಟ್ಟು ಸೋಲನ್ನು ಸೋಲೆಂದು ಬರೆದದ್ದಕ್ಕಲ್ಲ. ರಾಷ್ಟ್ರಮಟ್ಟದ ಕ್ರೀಡಾ ವಾಹಿನಿಗಳು ಸೋಲನ್ನು ದಿನವೂ ಎಣಿಸುತ್ತಾ, ಅದಕ್ಕೆ ಕಾರಣರಾದವರು ಯಾರೆಂಬ ಪ್ರಶ್ನೆಯ ಹತ್ತಿರಕ್ಕೆ ಅಪರೂಪಕ್ಕಷ್ಟೇ ಹೋದದ್ದಕ್ಕೆ.

ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡ 14 ಪಂದ್ಯ ಆಡಿದರೆ, ಬೇಸ್‌ಬಾಲ್ ತಂಡವೊಂದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿದಿನವೂ ಕಣಕ್ಕಿಳಿದು 162 ಪಂದ್ಯ ಆಡುತ್ತದೆ. ಆದ್ದರಿಂದ ಕುಸಿಯುತ್ತಿರುವ ತಂಡದ ಅಭಿಮಾನಿ ಆರು ತಿಂಗಳು ಸೋಲಿನೊಂದಿಗೇ ಬದುಕಬೇಕಾಗುತ್ತದೆ. ಅಂಥವನಿಗೆ ಬೇಕಾದದ್ದು ಅನುಕಂಪವೂ ಅಲ್ಲ, ಗೇಲಿಯೂ ಅಲ್ಲ, ವಿವರಣೆ. 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ ತಂಡ ಮೂರೇ ವರ್ಷಗಳಲ್ಲಿ ಈ ಸ್ಥಿತಿಗೆ ಬಂದದ್ದು ಹೇಗೆ, ಆಟಗಾರರ ಆಯ್ಕೆಯಲ್ಲಿ ಎಡವಿದ್ದೆಲ್ಲಿ, ಕಿರಿಯರ ತರಬೇತಿ ಸೊರಗಿದ್ದೇಕೆ, 1981ರಿಂದ ತಂಡದ ಚುಕ್ಕಾಣಿ ಹಿಡಿದಿರುವ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಅವರ ಹೊಣೆ ಎಷ್ಟು ಎಂಬ ಪ್ರಶ್ನೆಗಳು ಇಂಥ ವಿವರಣೆಯ ತಿರುಳು. ಸತತ 21 ಸೋಲುಗಳ ಸರಣಿ ಆಗಸ್ಟ್ 6ರಂದು ಮುರಿದು, ಎರಡೇ ದಿನಗಳಲ್ಲಿ ವ್ಯವಸ್ಥಾಪಕ, ಅಂದರೆ ಮೈದಾನದಲ್ಲಿ ತಂಡವನ್ನು ನಡೆಸುವ ಮುಖ್ಯ ತರಬೇತುದಾರ, ಪೆಡ್ರೋ ಗ್ರಿಫೋಲ್ ಅವರ ತಲೆದಂಡವಾಯಿತು. ಒಂದು ತಲೆದಂಡದ ಸುದ್ದಿ ಸಿಕ್ಕ ಮೇಲೆ ಮೇಲಿನವರ ಹೊಣೆಯ ಮಾತು ಹಿಂದೆ ಸರಿಯುವುದು ಕ್ರೀಡಾ ವರದಿಗಾರಿಕೆಯ ಹಳೆಯ ದೌರ್ಬಲ್ಯ.

ಸೆಪ್ಟೆಂಬರ್ 24ರ ರಾತ್ರಿ ಶಿಕಾಗೋದಲ್ಲಿ ನಡೆದ ಪಂದ್ಯ, ಮಾಧ್ಯಮಗಳ ಎಣಿಕೆಗೂ ಅಭಿಮಾನಿಗಳು ಬಯಸಿದ ವಿವರಣೆಗೂ ನಡುವಿನ ಅಂತರವನ್ನು ಬಯಲಿಗೆಳೆಯಿತು. 121ನೇ ಸೋಲು ಅಂದೇ ಬರಬಹುದೆಂಬ ನಿರೀಕ್ಷೆಯಲ್ಲಿ ದೇಶದ ಗಮನ ಅತ್ತ ನೆಟ್ಟಿದ್ದಾಗ, ಲಾಸ್ ಏಂಜಲೀಸ್ ಏಂಜಲ್ಸ್ ಎದುರು 0–2 ಹಿನ್ನಡೆಯಲ್ಲಿದ್ದ ತಂಡವು ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ ಗಳಿಸಿ ಗೆದ್ದಿತು. ಆ ಗೆಲುವಿನ ನಡುವೆಯೂ ಪ್ರೇಕ್ಷಕರು ತಂಡವನ್ನು ಮಾರಿಬಿಡಿ ಎಂದು ಒಕ್ಕೊರಲಿನಿಂದ ಕೂಗಿದರು. ದಾಖಲೆಯ ಸೋಲು ಮೂರು ದಿನಗಳ ನಂತರ ಡೆಟ್ರಾಯಿಟ್‌ನಲ್ಲಿ ಬಂದಿತು. ಎಣಿಕೆಯ ವರದಿಗೆ ಆ ಮೂರು ದಿನಗಳು ಬರೀ ವಿಳಂಬ. ಆ ಕೂಗನ್ನು ಕೇಳಿಸಿಕೊಂಡವರಿಗೆ ವರದಿಯ ನಿಜವಾದ ವಸ್ತು ಅಲ್ಲಿಯೇ ಇತ್ತು.

ಸ್ಥಳೀಯ ಮಾಧ್ಯಮದ ತೊಡಕು ಬೇರೆ ಬಗೆಯದು. ಅಮೆರಿಕದಲ್ಲಿ ತಂಡವೊಂದರ ಹೆಚ್ಚಿನ ಪಂದ್ಯಗಳನ್ನು ಆಯಾ ಪ್ರದೇಶದ ಕ್ರೀಡಾ ವಾಹಿನಿಯೇ ಬಿತ್ತರಿಸುತ್ತದೆ, ಅಂಥ ವಾಹಿನಿಗಳಲ್ಲಿ ತಂಡಗಳ ಮಾಲೀಕರಿಗೇ ಪಾಲಿರುವುದು ಸಾಮಾನ್ಯ. 2024ರಲ್ಲಿ ವೈಟ್ ಸಾಕ್ಸ್ ಪಂದ್ಯಗಳನ್ನು ತೋರಿಸಿದ ಎನ್‌ಬಿಸಿ ಸ್ಪೋರ್ಟ್ಸ್ ಶಿಕಾಗೋದಲ್ಲಿಯೂ ರೈನ್ಸ್‌ಡಾರ್ಫ್ ಪಾಲುದಾರರಾಗಿದ್ದರು. ಹಾಗಿದ್ದೂ 2005ರಲ್ಲಿ ಇದೇ ತಂಡವನ್ನು ವಿಶ್ವ ಸರಣಿಯ ಗೆಲುವಿಗೆ ಮುನ್ನಡೆಸಿದ್ದ ಓಜಿ ಗಿಯೆನ್ ಅದೇ ವಾಹಿನಿಯ ಪಂದ್ಯೋತ್ತರ ಚರ್ಚೆಗಳಲ್ಲಿ ಮುಲಾಜಿಲ್ಲದೆ ಮಾತನಾಡಿದರು, ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಆದರೆ ಮಾಲೀಕನ ಹಂಗಿನಲ್ಲಿರುವ ವಾಹಿನಿಯ ನಿಷ್ಠುರತೆ ಒಬ್ಬ ವ್ಯಕ್ತಿಯ ಎದೆಗಾರಿಕೆಯನ್ನೇ ನೆಚ್ಚಿಕೊಂಡಿರುತ್ತದೆ. ಶಿಕಾಗೋದ ಅಭಿಮಾನಿಗಳಿಗೆ ಈ ಗುಮಾನಿ ಹೊಸದಲ್ಲ: ಅದೇ ನಗರದ ಮತ್ತೊಂದು ತಂಡವಾದ ಕಬ್ಸ್ ಅನ್ನು 1981ರಿಂದ 2009ರವರೆಗೆ ಹೊಂದಿದ್ದ ಟ್ರಿಬ್ಯೂನ್ ಕಂಪನಿಯ ಕೈಯಲ್ಲಿ ಆ ಅವಧಿಯುದ್ದಕ್ಕೂ ನಗರದ ಪ್ರಮುಖ ದಿನಪತ್ರಿಕೆಯೂ ಡಬ್ಲ್ಯುಜಿಎನ್ ವಾಹಿನಿಯೂ ಇದ್ದವು.

ಎಣಿಕೆಯ ಭರಾಟೆಯಲ್ಲಿ ಆಟವೂ ಮರೆಯಾಗುತ್ತದೆ. ಎಡಗೈ ಪಿಚರ್, ಅಂದರೆ ಚೆಂಡೆಸೆತಗಾರ, ಗ್ಯಾರೆಟ್ ಕ್ರೋಶೆ ಆ ವರ್ಷ 146 ಇನ್ನಿಂಗ್ಸ್‌ಗಳಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಎಂದರೆ ಮೂರು ಸ್ಟ್ರೈಕ್‌ಗಳಲ್ಲಿ ಔಟಾಗಿಸಿದರು. ಮೊದಲು ಪಂದ್ಯದ ನಡುವೆ ಬಂದು ಸ್ವಲ್ಪ ಹೊತ್ತು ಎಸೆಯುತ್ತಿದ್ದ ಅವರು ಆ ವರ್ಷವಷ್ಟೇ ಪಂದ್ಯ ಆರಂಭಿಸುವ ಹೊಣೆ ಹೊತ್ತಿದ್ದರಿಂದ, ಅವರ ತೋಳಿಗೆ ದಣಿವಾಗದಂತೆ ತಂಡವು ಜುಲೈ ನಂತರ ಪ್ರತಿ ಪಂದ್ಯದಲ್ಲೂ ನಾಲ್ಕು ಇನ್ನಿಂಗ್ಸ್‌ಗಳೊಳಗೇ ಅವರನ್ನು ಹಿಂದಕ್ಕೆ ಕರೆಯುತ್ತಿತ್ತು. ಸೋಲುವ ತಂಡವೊಂದು ತನ್ನ ಅತ್ಯುತ್ತಮ ಆಟಗಾರನನ್ನು ಕಾಪಾಡಿಕೊಂಡು, ಡಿಸೆಂಬರ್‌ನಲ್ಲಿ ಬಾಸ್ಟನ್‌ಗೆ ಕೊಟ್ಟು ನಾಲ್ವರು ಕಿರಿಯರನ್ನು ಪಡೆದ ಈ ಲೆಕ್ಕಾಚಾರ ಸರಿಯೋ ತಪ್ಪೋ ಎಂಬುದು ಅಭಿಮಾನಿ ದಿನವೂ ಓದಬಯಸುವ ವಿಷಯ.

2025ರಲ್ಲಿ ತಂಡ 102 ಪಂದ್ಯ ಸೋತಿತು. ಯಾವ ದಾಖಲೆಯೂ ಹತ್ತಿರದಲ್ಲಿಲ್ಲದ ಆ ಋತುವಿನಲ್ಲಿ, ಬಾಸ್ಟನ್‌ನಿಂದ ಬಂದವರ ಪೈಕಿ ಕೈಲ್ ಟೀಲ್ ಮತ್ತು ಚೇಸ್ ಮೀಡ್ರಾತ್ ಆಗಲೇ ವೈಟ್ ಸಾಕ್ಸ್ ಪರ ಕಣಕ್ಕಿಳಿದಿದ್ದರು. ಅವರು ಪಳಗುವ ಬಗೆಯನ್ನು ಪಂದ್ಯದಿಂದ ಪಂದ್ಯಕ್ಕೆ ಗಮನಿಸಿ ಬರೆಯುವ ಕೆಲಸ, ತಂಡದ ಜೊತೆ ಊರೂರು ಸುತ್ತುವ ಬೀಟ್ ವರದಿಗಾರರ ಪಾಲಿನದು.