ನೀರಿನಲ್ಲಿ ತರಕಾರಿ: ಯಾವ ಗಿಡಕ್ಕೆ ಎಷ್ಟು ದೊಡ್ಡ ಪಾತ್ರೆ?



ಮಣ್ಣಿಲ್ಲದೆ, ಬರೀ ನೀರಿನಲ್ಲಿ ಸೊಪ್ಪು ತರಕಾರಿ ಬೆಳೆಯುವ ವಿಷಯ ಈಗ ಸಂಘದ ಸಭೆಗಳಲ್ಲಿ ಆಗಾಗ ಬರ್ತಾ ಇದೆ. ಹಿತ್ತಿಲು ಇಲ್ಲದೆ ತಾರಸಿ ಮಾತ್ರ ಇರುವವರಿಗೆ ಇದು ಉಪಯೋಗದ ವಿಧಾನವೇ. ಆದರೆ ಹೆಚ್ಚಿನವರು ಮೊದಲು ಕೇಳುವುದು "ಗೊಬ್ಬರ ಎಲ್ಲಿ ಸಿಗುತ್ತೆ?" ಅಂತ. ಅದಕ್ಕಿಂತ ಮೊದಲು ಪಾತ್ರೆಯ ಬಗ್ಗೆ ಯೋಚಿಸಿ ಎನ್ನುತ್ತೇವೆ ನಾವು. ಪಾತ್ರೆಯ ಅಳತೆ ತಪ್ಪಿದರೆ ಗಿಡ ಹೋಗುತ್ತೆ, ಸಂಘದಿಂದ ತೆಗೆದ ಸಾಲ ಮಾತ್ರ ಉಳಿಯುತ್ತೆ.

ಇದು ಹೇಗೆ ನಡೆಯುತ್ತದೆ?

ಮುಚ್ಚಳವಿರುವ ಪಾತ್ರೆಯಲ್ಲಿ ಗೊಬ್ಬರ ಕರಗಿಸಿದ ನೀರು ಇರುತ್ತದೆ. ಮುಚ್ಚಳದ ತೂತಿನಲ್ಲಿ ಜಾಲರಿ ಕಪ್ ಇಟ್ಟು ಸಸಿ ಕೂರಿಸುತ್ತೇವೆ. ಬೇರು ನೀರಿನೊಳಗೆ ಇಳಿಯುತ್ತದೆ. ಬೇರಿಗೆ ಉಸಿರಾಡಲು ಗಾಳಿ ಬೇಕು. ಅದಕ್ಕೆ ಮೀನಿನ ತೊಟ್ಟಿಯ ಸಣ್ಣ ಪಂಪಿನಿಂದ ಗುಳ್ಳೆ ಬಿಡುತ್ತಾರೆ. ಇದನ್ನೇ ಡೀಪ್ ವಾಟರ್ ಕಲ್ಚರ್, ಅಂದರೆ ಆಳ ನೀರಿನ ಬೇಸಾಯ ಅನ್ನುತ್ತಾರೆ.

ನಾವು ಮಾಡಿದ ತಪ್ಪು

ಖರ್ಚು ಉಳಿಯಲಿ ಅಂತ ನಾವು ಒಮ್ಮೆ 2 ಲೀಟರ್ ಬಾಟಲಿಗಳಲ್ಲಿ ಟೊಮೆಟೊ ಸಸಿ ಇಟ್ಟೆವು. ಮೊದಲ ಕೆಲವು ವಾರ ನೋಡಿದವರೆಲ್ಲ ಮೆಚ್ಚಿದರು. ಹೂ ಬಿಡುವ ಹೊತ್ತಿಗೆ, ಬೆಳಿಗ್ಗೆ ತುಂಬಿಸಿದ ನೀರು ಸಂಜೆಗೆ ತಳ ಕಾಣತೊಡಗಿತು. ಒಂದು ದಿನ ಎಲ್ಲರೂ ಮದುವೆಗೆ ಹೋಗಿ ಬರುವಷ್ಟರಲ್ಲಿ ಗಿಡಗಳು ತಲೆ ಬಗ್ಗಿಸಿದ್ದವು. ರೋಗವೂ ಇಲ್ಲ, ಹುಳವೂ ಇಲ್ಲ. ಪಾತ್ರೆ ಸಣ್ಣದಾಗಿತ್ತು ಅಷ್ಟೆ.

ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವ ಊರಿನಲ್ಲಿ ನಾವು ಒಂದೇ ಕೊಡ ಇಟ್ಟುಕೊಳ್ಳುತ್ತೇವಾ? ಡ್ರಮ್ ಇಡುತ್ತೇವೆ ಅಲ್ವಾ? ಗಿಡಕ್ಕೂ ಹಾಗೆಯೇ. ಇವತ್ತಿನ ಸಸಿ ನೋಡಿ ಪಾತ್ರೆ ಆರಿಸಬೇಡಿ. ಪೂರ್ತಿ ಬೆಳೆದ ಗಿಡವನ್ನೂ, ನೀವು ಮನೆಯಲ್ಲಿ ಇಲ್ಲದ ಹೊತ್ತನ್ನೂ ನೆನೆದು ಆರಿಸಿ.

ಸಣ್ಣ ಪಾತ್ರೆಯ ಮೂರು ತೊಂದರೆ

1. ಉಪ್ಪು ಏರುತ್ತದೆ. ಒಲೆಯ ಮೇಲಿನ ಸಾರು ಇಂಗಿದರೆ ಉಪ್ಪಾಗುತ್ತೆ ಅಲ್ವಾ? ಬಿಸಿಲಿನಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನು ಹೆಚ್ಚು ಕುಡಿಯುತ್ತದೆ. 4 ಲೀಟರಿನಲ್ಲಿ 1 ಲೀಟರ್ ಕಡಿಮೆಯಾದರೆ ಕಾಲು ಭಾಗ ಹೋಯಿತು, ಉಳಿದ ನೀರು ಗಡುಸಾಯಿತು. ಬೇರು ಸುಡುತ್ತದೆ. 20 ಲೀಟರಿನಲ್ಲಿ 1 ಲೀಟರ್ ಹೋದರೆ ಗಿಡಕ್ಕೆ ಗೊತ್ತೂ ಆಗುವುದಿಲ್ಲ.

2. ನೀರು ಬೇಗ ಕಾಯುತ್ತದೆ. 20 ಡಿಗ್ರಿ ತಂಪಿನ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬಿಸಿಯಾದ ನೀರಿನಲ್ಲಿ ಬೇರು ಉಸಿರು ಕಟ್ಟಿ, ಕಂದಾಗಿ ಕೊಳೆಯುತ್ತದೆ. ನೀರು ಹೆಚ್ಚಿದ್ದರೆ ನಿಧಾನವಾಗಿ ಕಾಯುತ್ತದೆ.

3. ಕರೆಂಟು ಹೋದಾಗ ಪಂಪ್ ನಿಲ್ಲುತ್ತದೆ. ಬೇರು ತುಂಬಿದ ಸಣ್ಣ ಪಾತ್ರೆಯಲ್ಲಿ ಗಾಳಿ ಬೇಗ ಮುಗಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಸಮಯ ಸಿಗುತ್ತದೆ.

ಅಂದಾಜು ಲೆಕ್ಕ (ಒಂದು ಗಿಡಕ್ಕೆ)

- ಪಾಲಕ್, ಲೆಟ್ಯೂಸ್, ತುಳಸಿ ಜಾತಿಯ ಗಿಡ: 4ರಿಂದ 5 ಲೀಟರ್
- ಮೆಣಸಿನಕಾಯಿ, ಬದನೆ: 12ರಿಂದ 15 ಲೀಟರ್
- ಟೊಮೆಟೊ, ಸೌತೆ: 20 ಲೀಟರ್, ಅದಕ್ಕಿಂತ ಹೆಚ್ಚಾದರೂ ಒಳ್ಳೆಯದೇ

ಪಂಪ್ ಇಲ್ಲದೆಯೂ ಸೊಪ್ಪು ಬೆಳೆಯಬಹುದು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಎಂಬವರು ತೋರಿಸಿದ ವಿಧಾನ ಇದು. ನೀರು ಇಳಿಯುತ್ತಾ ಹೋದಂತೆ ಮೇಲಿನ ಬೇರು ಗಾಳಿ ಎಳೆದುಕೊಳ್ಳುತ್ತದೆ. ಇದರಲ್ಲಿ ಒಂದು ಲೆಟ್ಯೂಸ್ ಗಿಡಕ್ಕೆ ಸುಮಾರು 4 ಲೀಟರ್ ನೀರು ಕೊಯ್ಲಿನವರೆಗೂ ಸಾಕು. ಆದರೆ ನೀರು ಇಳಿಯಿತು ಅಂತ ಮತ್ತೆ ಕಂಠದವರೆಗೆ ತುಂಬಿಸಬೇಡಿ, ಗಾಳಿಯಲ್ಲಿದ್ದ ಬೇರು ಮುಳುಗಿ ಸಾಯುತ್ತದೆ.

ಚೌಕದ ಪೆಟ್ಟಿಗೆ ಕೊಳ್ಳುವಾಗ

ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 1000ದಿಂದ ಭಾಗಿಸಿ. ಲೀಟರ್ ಸಿಗುತ್ತದೆ. 60 ಉದ್ದ, 40 ಅಗಲದ ಪೆಟ್ಟಿಗೆಯಲ್ಲಿ 20 ಸೆಂಟಿಮೀಟರ್ ನೀರು ನಿಲ್ಲಿಸಿದರೆ 48 ಲೀಟರ್. ಲೆಟ್ಯೂಸ್ ಆದರೆ 20 ಸೆಂಟಿಮೀಟರ್ ಅಂತರದಲ್ಲಿ 6 ಗಿಡ ಆರಾಮವಾಗಿ ಹಿಡಿಸುತ್ತದೆ. ನೀರಿದೆ ಅಂತ 12 ತುರುಕಿದರೆ ಎಲೆಗೆ ಜಾಗ ಇರುವುದಿಲ್ಲ.

ಹಾಗಂತ 200 ಲೀಟರ್ ಡ್ರಮ್ ತರಬೇಡಿ. 1 ಲೀಟರ್ ಅಂದರೆ 1 ಕಿಲೋ ಭಾರ. ತೊಳೆಯಲು ಎತ್ತುವವರು ನೀವೇ. ತಾರಸಿಯಲ್ಲಾದರೆ ಎಲ್ಲವನ್ನೂ ಒಂದೇ ಕಡೆ ಒಟ್ಟಬೇಡಿ. ಗೊಬ್ಬರವೂ ಅಷ್ಟೇ ಹೆಚ್ಚು ಬೇಕಾಗುತ್ತೆ.

ಇನ್ನು ಕೆಲವು ಎಚ್ಚರಿಕೆ

- ಬೆಳಕು ಒಳಗೆ ತೂರದ ಪಾತ್ರೆ ಇರಲಿ, ಇಲ್ಲವಾದರೆ ಪಾಚಿ ಕಟ್ಟುತ್ತದೆ. ಕಪ್ಪು ಪಾತ್ರೆ ಬಿಸಿಲಿಗೆ ಕಾಯುತ್ತದೆ, ಹೊರಗೆ ಬಿಳಿ ಬಟ್ಟೆ ಅಥವಾ ಒದ್ದೆ ಗೋಣಿ ಸುತ್ತಿ.
- ಕೀಟನಾಶಕ, ಆಸಿಡ್, ಪೇಂಟ್ ಇದ್ದ ಡಬ್ಬ ಎಷ್ಟು ತೊಳೆದರೂ ಬೇಡ. ಹಿಟ್ಟು, ಅಡುಗೆ ಎಣ್ಣೆ ಇದ್ದ ಪ್ಲಾಸ್ಟಿಕ್ ಡಬ್ಬ ಆಗಬಹುದು.
- ಮುಚ್ಚಳ ಬಿಗಿಯಾಗಿರಲಿ. ಡೆಂಗೆ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ಕೊನೆಯದಾಗಿ

ಕಿಟ್ ಮಾರಲು ಬಂದವರು ಚಂದದ ಚಿತ್ರ ತೋರಿಸುತ್ತಾರೆ. "ಒಂದು ಗಿಡಕ್ಕೆ ಎಷ್ಟು ಲೀಟರ್ ನೀರು ಬರುತ್ತೆ?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಹಣ ಕೊಡಬೇಡಿ. ಸಾಲಕ್ಕೆ ಅರ್ಜಿ ಹಾಕುವ ಮೊದಲು ಸಂಘದಲ್ಲಿ ಇಬ್ಬರು ಮೂವರು ಒಂದೊಂದು ಪಾತ್ರೆಯಲ್ಲಿ ಪಾಲಕ್ ಬೆಳೆದು ನೋಡಿ. ದಿನಕ್ಕೆ ಎಷ್ಟು ನೀರು ಇಳಿಯಿತು ಅಂತ ಪುಸ್ತಕದಲ್ಲಿ ಬರೆದಿಡಿ. ಬೇಸಿಗೆಯ ಒಂದು ಬೆಳೆ ಗೆದ್ದರೆ ಆಮೇಲೆ ಎಲ್ಲರೂ ಕೂತು ತೀರ್ಮಾನ ಮಾಡೋಣ.