ಜೀವಕೋಶವಿಲ್ಲದೆ ಔಷಧ: ಕಾಫಿ ತೋಟದ ಒಂದು ಹಾವಿನ ನೆಪದಲ್ಲಿ

ಕೊಡಗಿನ ಕಾಫಿ ತೋಟಗಳ ತರಗೆಲೆಗಳ ನಡುವೆ ಒಂದು ಪುಟ್ಟ ಹಾವು ಇರುತ್ತದೆ. ಉದ್ದ ಒಂದೂವರೆ ಅಡಿ ದಾಟುವುದು ಕಡಿಮೆ. ಮೈಬಣ್ಣ ಒಣಗಿದ ಎಲೆಯದೇ. ಮೂತಿಯ ತುದಿ ಮಾತ್ರ ತುಸು ಮೇಲಕ್ಕೆ ಎದ್ದಿರುತ್ತದೆ. ಗುಳಿಮಂಡಲಗಳ ಗುಂಪಿಗೆ ಸೇರಿದ ಇದರ ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್. ಕಳೆ ತೆಗೆಯುವವರು, ಹಣ್ಣು ಆಯುವವರು ಇದರಿಂದ ಕಚ್ಚಿಸಿಕೊಳ್ಳುವುದುಂಟು. ಹಲವರಿಗೆ ನೋವು, ಬಾವು ಇಷ್ಟರಲ್ಲೇ ಮುಗಿಯುತ್ತದೆ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಮೂತ್ರಪಿಂಡ ಕೆಡುತ್ತದೆ. ಈ ಕಡಿತ ಪ್ರಾಣಕ್ಕೇ ಕುತ್ತು ತರಬಲ್ಲದೆಂದು ಕೇರಳದ ವೈದ್ಯರು ಸಾಕ್ಷ್ಯಸಹಿತ ವರದಿ ಮಾಡಿದ್ದು 2007ರಲ್ಲಿ.

ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಹಿಪ್ನೇಲ್ ವಿಷಕ್ಕೆ ಅದು ನಾಟುವುದಿಲ್ಲ. ಹಾಗಾದರೆ ಇದಕ್ಕೂ ಒಂದನ್ನು ತಯಾರಿಸಬಾರದೇಕೆ? ವಿಷ ಸಂಗ್ರಹಿಸಬೇಕು, ಕುದುರೆಗಳಿಗೆ ತಿಂಗಳುಗಟ್ಟಲೆ ಚುಚ್ಚಬೇಕು, ರಕ್ತರಸ ತೆಗೆದು ಶುದ್ಧಿ ಮಾಡಬೇಕು. ಕೆಲವೇ ಬೆಟ್ಟ ಜಿಲ್ಲೆಗಳ ರೋಗಿಗಳಿಗಾಗಿ ಇಷ್ಟೆಲ್ಲ ನಡೆಸುವುದು ಕಾರ್ಖಾನೆಗೆ ಗಿಟ್ಟುವುದಿಲ್ಲ.

ಬೇಕಾದಷ್ಟನ್ನೇ, ಬೇಕಾದ ಕಡೆಯಲ್ಲೇ ತಯಾರಿಸುವಂತಿದ್ದರೆ? ಜೀವಕೋಶರಹಿತ ಪ್ರೋಟೀನು ತಯಾರಿಕೆ ಹುಟ್ಟಿಸಿರುವ ಆಸೆ ಇದು. ಪ್ರತಿವಿಷ, ಇನ್ಸುಲಿನ್, ಎಷ್ಟೋ ಲಸಿಕೆಗಳ ಮುಖ್ಯ ಭಾಗ ಎಲ್ಲವೂ ಪ್ರೋಟೀನುಗಳೇ. ಪ್ರೋಟೀನು ಕಟ್ಟುವ ಯಂತ್ರ ಜೀವಕೋಶದೊಳಗಿನ ರೈಬೋಸೋಮು. ಈ. ಕೋಲಿ ಬ್ಯಾಕ್ಟೀರಿಯಗಳನ್ನು ಬೆಳೆಸಿ, ಒಡೆದು, ಕಡೆದು ಚರಟವನ್ನು ಬೇರ್ಪಡಿಸಿದರೆ ಉಳಿಯುವ ರಸದಲ್ಲಿ ರೈಬೋಸೋಮುಗಳೂ ಕಿಣ್ವಗಳೂ ಇನ್ನೂ ಕೆಲಸಕ್ಕೆ ಸಿದ್ಧವಾಗಿರುತ್ತವೆ. ಅದಕ್ಕೆ ಅಮೈನೊ ಆಮ್ಲಗಳನ್ನೂ ಶಕ್ತಿ ಒದಗಿಸುವ ರಾಸಾಯನಿಕಗಳನ್ನೂ ಬೇಕಾದ ಪ್ರೋಟೀನಿನ ಡಿಎನ್‌ಎಯನ್ನೂ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಪ್ರನಾಳದಲ್ಲೇ ಪ್ರೋಟೀನು ತಯಾರು. ಬದುಕಬೇಕು, ಮರಿ ಹಾಕಬೇಕು ಎಂಬ ಸಂಸಾರದ ಚಿಂತೆ ಈ ರಸಕ್ಕಿಲ್ಲ!

ಉಪಾಯ ಹೊಸದಲ್ಲ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ತಳಿಸಂಕೇತದ ಮೊದಲ ಪದವನ್ನು ಓದಿದ್ದು ಇಂಥ ರಸದಲ್ಲೇ. ಹೊಸದೆಂದರೆ ಒಣಗಿಸುವಿಕೆ. ಇನ್‌ಸ್ಟಂಟ್ ಕಾಫಿ ಪುಡಿಯ ಒಂದು ಬಗೆಯನ್ನು ಕಷಾಯವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರು ತೆಗೆದು ತಯಾರಿಸುತ್ತಾರೆ. ಕೋಶರಸವನ್ನೂ ಹಾಗೆಯೇ ಪುಡಿ ಮಾಡಬಹುದು. ನೀರು ಹಾಕಿದಾಗ ಮತ್ತೆ ಕೆಲಸ ಶುರು. 2016ರಲ್ಲಿ ಕೀತ್ ಪಾರ್ಡಿ, ಜೇಮ್ಸ್ ಕಾಲಿನ್ಸ್ ಮತ್ತು ಸಂಗಡಿಗರು ಇಂಥ ಪುಡಿಯಿಂದ ಗಂಟಲಮಾರಿಯ ಲಸಿಕೆಗೆ ಬೇಕಾದ ಪ್ರೋಟೀನನ್ನೂ ಪುಟ್ಟ ಪ್ರತಿಕಾಯಗಳನ್ನೂ ತಯಾರಿಸಿದರು. 2021ರಲ್ಲಿ ಮೈಕೆಲ್ ಜ್ಯೂವೆಟ್ ತಂಡ ಟುಲರೇಮಿಯ ರೋಗದ ಲಸಿಕೆಯನ್ನು ಹೀಗೆ ಮಾಡಿ ಇಲಿಗಳನ್ನು ಉಳಿಸಿತು. ಈ. ಕೋಲಿಯ ಹೊರಪೊರೆಯ ನಂಜು ರಸದಲ್ಲಿ ಉಳಿದರೆ ಜ್ವರ ತರುತ್ತದೆ. ಅದಕ್ಕಾಗಿ ಆ ನಂಜನ್ನೇ ತಗ್ಗಿಸಿದ ತಳಿಯನ್ನು ಅವರು ಬಳಸಿದರು. ಮುಂದೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ವಾರ ಇಟ್ಟರೂ ಕೆಡದ ಪುಡಿಯೂ ಬಂತು. ಮಳೆಗಾಲದಲ್ಲಿ ಗುಡ್ಡ ಕುಸಿದು, ದಾರಿ ಮುಚ್ಚಿ, ವಿದ್ಯುತ್ತು ಹೋಗುವ ಊರುಗಳಿಗೆ ಇದು ಸಣ್ಣ ಸಂಗತಿಯಲ್ಲ. 2018ರ ಆಗಸ್ಟನ್ನು ಮಡಿಕೇರಿಯವರು ಮರೆತಿಲ್ಲ.

ಆದರೆ ಲೆಕ್ಕ ನೋಡಿ. ಲಸಿಕೆಯ ಒಂದು ಡೋಸಿಗೆ ಕೆಲವು ಮೈಕ್ರೊಗ್ರಾಂ ಪ್ರೋಟೀನು ಸಾಕು. ಉಳಿದುದನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ. ಪ್ರತಿವಿಷ ಹಾಗಲ್ಲ. ಮೈಯಲ್ಲಿ ಹರಡಿದ ವಿಷದ ಅಣುಗಳನ್ನು ಅದೇ ಹಿಡಿಯಬೇಕು, ಆದ್ದರಿಂದ ಸಾವಿರಾರು ಪಾಲು ಹೆಚ್ಚು ಬೇಕು. ಒಂದು ಮಿಲಿಲೀಟರು ರಸದಿಂದ ಸಿಗುವುದು ಹೆಚ್ಚೆಂದರೆ ಒಂದೆರಡು ಮಿಲಿಗ್ರಾಂ. ಜತೆಗೆ ಯಾವ ಪ್ರತಿಕಾಯದ ಡಿಎನ್‌ಎ ಹಾಕಬೇಕೆಂದು ಮೊದಲೇ ಗೊತ್ತಿರಬೇಕು.

ಈ ಎರಡನೆಯದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೆಜ್ಜೆ ಇಟ್ಟಿದೆ. ಅಲ್ಲಿನ ಕಾರ್ತಿಕ್ ಸುಣಗಾರ್ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಯೋಗಾಲಯದಲ್ಲೇ ಆರಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ನಾಗರಹಾವು, ಕಡಂಬಳಗಳ ಒಂದು ಮುಖ್ಯ ನರವಿಷವನ್ನು ಅದು ತಡೆಯುತ್ತದೆ, ಕುದುರೆ ಬೇಡ. ಮಂಡಲಗಳ ವಿಷದಲ್ಲಿ ಮಾತ್ರ ಹಲವು ಬಗೆಯ ಕಿಣ್ವಗಳಿರುವುದರಿಂದ ಪ್ರತಿಕಾಯಗಳೂ ಹಲವು ಬೇಕಾಗಬಹುದು. ನನ್ನ ಅಂದಾಜಿನಲ್ಲಿ ಕೋಶರಸದ ಪುಡಿ ಹಿಪ್ನೇಲ್ ವಿಷಯದಲ್ಲಿ ಮೊದಲು ನೆರವಾಗುವುದು ತೋಟದಲ್ಲಲ್ಲ, ಪ್ರಯೋಗಾಲಯದಲ್ಲಿ: ನೂರಾರು ಪುಟ್ಟ ಪ್ರತಿಕಾಯಗಳನ್ನು ಚಿಟಿಕೆಯಷ್ಟು ತಯಾರಿಸಿ ಯಾವುದು ವಿಷಕ್ಕೆ ಅಂಟುತ್ತದೆಂದು ಬೇಗನೆ ನೋಡಲು. ಗೆದ್ದದ್ದನ್ನು ಆಮೇಲೆ ದೊಡ್ಡ ಪಾತ್ರೆಗಳಲ್ಲಿ ಬೆಳೆಸಬಹುದು.

ಸದ್ಯಕ್ಕೆ ವೈದ್ಯರ ಕೈಯಲ್ಲಿರುವುದು ಒಂದು ಗಾಜಿನ ಪ್ರನಾಳ. ರೋಗಿಯ ರಕ್ತವನ್ನು ಸ್ವಚ್ಛವಾದ ಒಣ ಪ್ರನಾಳದಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡುತ್ತಾರೆ. ಹೆಪ್ಪುಗಟ್ಟಿರದಿದ್ದರೆ ವಿಷ ಏರಿದೆ. ಕಚ್ಚಿದ್ದು ಕೊಳಕುಮಂಡಲವೋ ಈ ಪುಟ್ಟ ಹಾವೋ ಎಂಬುದನ್ನು ಆ ಪ್ರನಾಳ ಹೇಳುವುದಿಲ್ಲ. ಹಿಪ್ನೇಲ್ ಆಗಿದ್ದರೆ ಶೀಶೆಗಟ್ಟಲೆ ಪ್ರತಿವಿಷ ಕೊಟ್ಟರೂ ಪ್ರಯೋಜನವಿಲ್ಲ, ಅಲರ್ಜಿಯ ಅಪಾಯವಷ್ಟೇ ಉಳಿಯುತ್ತದೆ. ಆಗ ಮೂತ್ರದ ಪ್ರಮಾಣದ ಮೇಲೆ ಕಣ್ಣಿಟ್ಟು, ಬೇಕಾದರೆ ಡಯಾಲಿಸಿಸ್‌ಗೆ ಕಳಿಸುತ್ತಾರೆ.